ಚಾಕು ಹಿಡಿದ ಕೈ ನೋಯುತ್ತಿದೆಯಾ? ಹೊಸದು ಕೊಳ್ಳುವ ಮೊದಲು ದೋಷ ಎಲ್ಲಿದೆ ಹುಡುಕಿ

ಹೋದ ಬೇಸಿಗೆಯಲ್ಲಿ ನಮ್ಮ ಪ್ಯಾಕಿಂಗ್ ಕೋಣೆಯ ಅಕ್ಕ ಒಬ್ಬರ ಕೈಯಿಂದ ಟೀ ಲೋಟ ಜಾರಿ ಬಿತ್ತು. ಒಂದೇ ವಾರದಲ್ಲಿ ಅದು ಎರಡನೇ ಸಲ. "ಏನಿಲ್ಲ ತಮ್ಮಾ, ಹೆಬ್ಬಟ್ಟಿನಾಗ ಕಸುವೇ ಇಲ್ಲ. ಈ ಚಾಕು ಸರಿಗಿಲ್ಲ, ಬ್ಯಾರೇದು ತರಿಸು" ಅಂದರು. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಸ್ಟೋರ್ ಮತ್ತು ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ಚಾಕು, ಕತ್ತರಿ, ಟೇಪು ತರುವುದು ನನ್ನ ಕೆಲಸ. ಅವತ್ತೇ ಸಂಜೆ ಹೋಗಿ ದೊಡ್ಡದೊಂದು, ದಪ್ಪ ಅಲಗಿನ ಮಡಚುವ ಚಾಕು ತಂದುಕೊಟ್ಟೆ. ಹದಿನೈದು ದಿನ ಕಳೆಯಿತು. ಹೆಬ್ಬೆರಳಿನ ನೋವು ಹಾಗೇ ಇತ್ತು. ಅದರ ಜೊತೆಗೆ ಅಂಗೈ ನೋವೂ ಬಂತು.

ತಪ್ಪು ನನ್ನದು. ದೋಷ ಏನು ಅಂತ ನೋಡದೆ ಸಾಮಾನು ಬದಲಿಸಿದ್ದೆ. ಹೊಲಿಗೆ ಮಷಿನ್‌ನಲ್ಲಿ ದಾರ ಪದೇ ಪದೇ ತುಂಡಾದರೆ ನಾವು ಮಷಿನ್ ಬದಲಿಸುತ್ತೇವಾ? ಮೊದಲು ಸೂಜಿ ನೋಡುತ್ತೇವೆ. ದಾರದ ಬಿಗಿ ನೋಡುತ್ತೇವೆ. ಬಾಬಿನ್ ತೆಗೆದು ನೋಡುತ್ತೇವೆ. ಚಾಕುವಿಗೂ ಹಾಗೇ ಮಾಡಬೇಕಿತ್ತು. ಆಮೇಲೆ ಮಾಡಿದೆವು, ಒಂದೊಂದಾಗಿ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗೋದಾಮು, ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ತೋಟ, ವೈರಿಂಗ್ ಕೆಲಸ ಎಲ್ಲಿಯಾದರೂ ದಿನವಿಡೀ ಜೇಬಿನ ಚಾಕು ಬಳಸುವವರಿಗೆ ಇದು ಉಪಯೋಗಕ್ಕೆ ಬಂದೀತು.

ಒಂದು ನಿಯಮ ಮಾತ್ರ ಬಿಡಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಅಲಗು ಮಸೆದು, ಹಿಡಿಗೆ ಟೇಪ್ ಸುತ್ತಿ, ಮೇಜು ಎತ್ತರಿಸಿ, ಎಲ್ಲ ಒಂದೇ ದಿನ ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ಗೊತ್ತೇ ಆಗುವುದಿಲ್ಲ.

ನೋವು ಎಲ್ಲಿದೆ, ಬೆರಳಿಟ್ಟು ತೋರಿಸಿ

ಎಲ್ಲಿ ನೋವು ಅಂತ ಕೇಳಿದರೆ ಎಲ್ಲರೂ "ಕೈ" ಅನ್ನುತ್ತಾರೆ. ಅದು ಸಾಲದು. ಇನ್ನೊಂದು ಕೈಯ ತೋರುಬೆರಳಿಟ್ಟು ಜಾಗ ತೋರಿಸಬೇಕು. ಕೆಲಸ ಶುರುವಾಗುವ ಮೊದಲು ಒಮ್ಮೆ, ಊಟದ ಬಿಡುವಿನಲ್ಲಿ ಒಮ್ಮೆ, ಮನೆಗೆ ಹೊರಡುವಾಗ ಒಮ್ಮೆ. ನಾವು ಪೆನ್ನಿನಿಂದ ಕೈ ಮೇಲೇ ಗುರುತು ಹಾಕಿ ಮೊಬೈಲಲ್ಲಿ ಫೋಟೋ ತೆಗೆದೆವು. ಮೂರು ದಿನದ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅಕ್ಕನ ಗುರುತು ಪ್ರತಿ ಸಲವೂ ಎರಡೇ ಕಡೆ ಇತ್ತು. ಒಂದು ಹೆಬ್ಬೆರಳಿನ ಬುಡ. ಇನ್ನೊಂದು ಅಂಗೈ ನಡುವೆ, ಐದು ರೂಪಾಯಿ ನಾಣ್ಯದಷ್ಟು ಅಗಲ.

ಜಾಗ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಆ ಮೂಲೆಯಲ್ಲಿ ನೋವಿದ್ದರೆ ಚಾಕು ತೆರೆಯುವ ಮುಚ್ಚುವ ಕೆಲಸದ ಮೇಲೆ ಅನುಮಾನ ಇಡಿ. ಅಂಗೈ ನಡುವೆ ಒಂದೇ ಚುಕ್ಕೆಯಲ್ಲಿ ಒತ್ತಿದ ನೋವಿದ್ದರೆ ಹಿಡಿಯ ತುದಿಯೋ ಜೇಬಿಗೆ ಸಿಕ್ಕಿಸುವ ಕ್ಲಿಪ್ಪೋ ಅಲ್ಲಿ ಚುಚ್ಚುತ್ತಿದೆ. ಬೆರಳುಗಳ ಮಡಿಕೆಯಲ್ಲಿ ಅಡ್ಡ ಗೆರೆ ಬಿದ್ದು ಕೆಂಪಾಗಿದ್ದರೆ ಹಿಡಿ ತೆಳ್ಳಗಿದೆ, ಅಂಚು ಚೂಪಿದೆ. ಮೊಣಕೈ ಕೆಳಗಿನ ಮಾಂಸಖಂಡ ಸಂಜೆ ಹೊತ್ತಿಗೆ ಹಗ್ಗದ ಹಾಗೆ ಬಿಗಿದುಕೊಂಡರೆ ನೀವು ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗಿ ಹಿಡಿಯುತ್ತಿದ್ದೀರಿ. ಅಲಗು ಮೊಂಡಾಗಿರಬಹುದು, ಇಲ್ಲಾ ಹಿಡಿ ಜಾರುತ್ತಿರಬಹುದು. ಮಣಿಕಟ್ಟಿನ ಮೇಲುಗಡೆ ನೋವಾದರೆ ಕೈ ಬಾಗಿಸಿ ಕತ್ತರಿಸುತ್ತಿದ್ದೀರಿ. ತೋರುಬೆರಳಿನ ತುದಿ ನೋಯುತ್ತಿದ್ದರೆ ಅಲಗಿನ ಬೆನ್ನಿನ ಮೇಲೆ ಬೆರಳಿಟ್ಟು ಒತ್ತುವ ರೂಢಿ ಇದೆ ಅಂತ ಅರ್ಥ.

ನೋವಲ್ಲದೆ ಜೋಮು ಹಿಡಿಯುತ್ತಿದ್ದರೆ ಅದು ಬೇರೆ ವಿಷಯ. ಅದನ್ನು ಕೊನೆಗೆ ಹೇಳುತ್ತೇನೆ. ಆದರೆ ನಿಮಗೆ ಈಗಲೇ ಜೋಮು ಇದ್ದರೆ ಮೊದಲು ಆ ಭಾಗ ಓದಿ.

ಅಲಗಿನ ಬಾಯಿ

ನೋವು ಯಾವ ಜಾಗದಲ್ಲೇ ಇರಲಿ, ಮೊದಲು ನೋಡಬೇಕಾದ್ದು ಅಲಗಿನ ಬಾಯಿ. ಇದಕ್ಕೆ ಖರ್ಚಿಲ್ಲ. ಇನ್ನೂ ಮುಖ್ಯ ಕಾರಣ, ಬಾಯಿ ಮೊಂಡಾಗಿದ್ದರೆ ಮುಂದಿನ ಯಾವ ಪರೀಕ್ಷೆಯೂ ನಿಜ ಹೇಳುವುದಿಲ್ಲ. ಮೊಂಡು ಚಾಕುವಿಗೆ ಎಂಥ ಒಳ್ಳೆ ಹಿಡಿ ಇದ್ದರೂ ಕೈ ನೋಯುತ್ತದೆ.

ಟ್ಯೂಬ್‌ಲೈಟ್ ಕೆಳಗೆ ನಿಂತು ಚಾಕುವಿನ ಬಾಯಿಯನ್ನು ಮೇಲ್ಮುಖ ಮಾಡಿ, ನೇರ ಮೇಲಿನಿಂದ ನೋಡಿ. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ, ಕಪ್ಪು ಗೆರೆ ಅಷ್ಟೇ. ಎಲ್ಲಿ ಬಿಳಿ ಚುಕ್ಕೆಯೋ ಬಿಳಿ ಗೆರೆಯೋ ಮಿಂಚುತ್ತದೋ ಅಲ್ಲಿ ಬಾಯಿ ಚಪ್ಪಟೆಯಾಗಿ ಬೆಳಕು ಹಿಂದಿರುಗಿಸುತ್ತಿದೆ. ಅದು ಮೊಂಡಾದ ಜಾಗ. ಆಮೇಲೆ ದಿನಪತ್ರಿಕೆಯ ಒಂದು ಹಾಳೆಯನ್ನು ಮೇಲಿನಿಂದ ಹಿಡಿದು, ಬುಡದಿಂದ ಮೊನೆಯ ತನಕ ಪೂರ್ತಿ ಅಲಗು ಎಳೆದು ಸೀಳಿ. ಎಲ್ಲಿ ಹಾಳೆ ಹರಿಯುತ್ತದೋ ಅಲ್ಲಿ ತೊಂದರೆ.

ನಮಗೆ ಕಣ್ಣು ತೆರೆಸಿದ್ದು ಮೂರನೆಯ ಪರೀಕ್ಷೆ. ಮುಳ್ಳಿನ ತೂಕದ ಯಂತ್ರದ ಮೇಲೆ ಒಂದು ಹಲಗೆ ಇಟ್ಟು, ಅದರ ಮೇಲೆ ಸುತಳಿ ಇಟ್ಟು ಚಾಕುವಿನಿಂದ ಒತ್ತಿ ಕತ್ತರಿಸಿದೆವು. ಇನ್ನೊಬ್ಬರು ಮುಳ್ಳು ಎಲ್ಲಿಯವರೆಗೆ ಹೋಯಿತು ಅಂತ ನೋಡಿದರು. ಆಮೇಲೆ ಅದೇ ಚಾಕು ಮಸೆದು, ಅದೇ ಸುತಳಿ ಕತ್ತರಿಸಿದೆವು. ಮುಳ್ಳು ಮೊದಲಿನ ಅರ್ಧದಷ್ಟೂ ಹೋಗಲಿಲ್ಲ. ಆ ಉಳಿದ ಭಾರವನ್ನೆಲ್ಲ ಅಕ್ಕ ಬೆಳಿಗ್ಗೆಯಿಂದ ಸಂಜೆವರೆಗೆ ಹೆಬ್ಬೆರಳಿನ ಮೇಲೆ ಹೊತ್ತಿದ್ದರು. ನೋಡಿ ನನಗೆ ಬೇಜಾರಾಯಿತು.

ನಮ್ಮ ಕಡೆ ಬಾಯಿ ಬೇಗ ಮೊಂಡಾಗುವುದಕ್ಕೆ ಕಾರಣಗಳಿವೆ. ರಟ್ಟಿನ ಡಬ್ಬ ಮೆತ್ತಗೆ ಕಾಣುತ್ತದೆ, ಆದರೆ ಅದರೊಳಗೆ ಸಣ್ಣ ಮಣ್ಣಿನ ಕಣ ಇರುತ್ತವೆ. ಅದು ಉಕ್ಕನ್ನು ಉಜ್ಜಿ ಹಾಕುತ್ತದೆ. ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಗೋದಾಮುಗಳಲ್ಲಂತೂ ಡಬ್ಬದ ಮೇಲೆ ಕೆಂಪು ಧೂಳಿನ ಪದರವೇ ಕೂತಿರುತ್ತದೆ. ಒಂದು ಸಲ ಬಟ್ಟೆಯಲ್ಲಿ ಒರೆಸಿ ಕತ್ತರಿಸಿದರೆ ಅಲಗು ಜಾಸ್ತಿ ದಿನ ಬಾಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಸಿಮೆಂಟ್ ನೆಲದ ಮೇಲಿಟ್ಟು ಕತ್ತರಿಸುವುದು. ಅಲಗು ಒಂದೇ ಸಲ ನೆಲಕ್ಕೆ ತಾಗಿದರೂ ಬಾಯಿ ಮಡಚಿಕೊಳ್ಳುತ್ತದೆ. ಅಡಿಗೆ ಒಂದು ಹಲಗೆಯೋ ದಪ್ಪ ರಟ್ಟೋ ಇಡಿ.

ಮಸೆಯುವುದನ್ನು ಎಲ್ಲರೂ ಕಲಿಯಬಹುದು. ಒಂದು ಬದಿ ಒರಟು, ಒಂದು ಬದಿ ನುಣುಪು ಇರುವ ಸಾಣೆ ಕಲ್ಲು ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕೋನ ಹೇಗೆ ಹಿಡಿಯುವುದು ಅಂತ ಕೇಳುತ್ತಾರೆ. ಜೇಬಿನ ಚಾಕುವಿಗೆ ಪ್ರತಿ ಬದಿಗೆ ಸುಮಾರು 20 ಡಿಗ್ರಿ ಇದ್ದರೆ ಒಳ್ಳೆಯದು. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದು 90. ಅರ್ಧಕ್ಕೆ ಬಾಗಿಸಿ, 45. ಮತ್ತೆ ಅರ್ಧಕ್ಕೆ ಬಾಗಿಸಿದರೆ 22 ಚಿಲ್ಲರೆ. ಅದಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿಸಿ ಅದೇ ಕೋನದಲ್ಲಿ ಉಜ್ಜಿ. ಒಂದು ಬದಿ ಉಜ್ಜುತ್ತಾ ಹೋದರೆ ಇನ್ನೊಂದು ಬದಿಯ ಅಂಚಿನಲ್ಲಿ ಗರಗರ ಅಂತ ಬೆರಳಿಗೆ ತಾಗುವ ಸಣ್ಣ ಸಿಬಿರು ಏಳುತ್ತದೆ. ಬೆರಳನ್ನು ಬಾಯಿಯ ಉದ್ದಕ್ಕೆ ಎಳೆಯಬೇಡಿ, ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲಗೆ ಜಾರಿಸಿ ನೋಡಿ. ಸಿಬಿರು ಬುಡದಿಂದ ಮೊನೆವರೆಗೂ ಎದ್ದ ಮೇಲೆ ಬದಿ ಬದಲಿಸಿ. ಕೊನೆಗೆ ನುಣುಪು ಬದಿಯಲ್ಲಿ ಹಗುರವಾಗಿ ಎಳೆದು ಮುಗಿಸಿ. ನಾವು ಒಂದು ಮರದ ಪಟ್ಟಿಗೆ ಡೆನಿಮ್ ಚೂರು ಅಂಟಿಸಿ ಇಟ್ಟುಕೊಂಡಿದ್ದೇವೆ. ಅದರ ಮೇಲೆ ಅಲಗನ್ನು ಬೆನ್ನಿನ ಕಡೆಗೆ ಹತ್ತು ಸಲ ಎಳೆದರೆ ಉಳಿದ ಸಿಬಿರೂ ಹೋಗುತ್ತದೆ. ಹಳೆಯ ಚರ್ಮದ ಬೆಲ್ಟ್ ಆದರೂ ಆಗುತ್ತದೆ.

ಸೈಕಲ್ ಮೇಲೆ ಚಕ್ರ ಇಟ್ಟುಕೊಂಡು ಬರುವ ಸಾಣೆಯವರಿಗೆ ಈಳಿಗೆ, ಕತ್ತರಿ ಧಾರಾಳವಾಗಿ ಕೊಡಿ, ಅವರ ಕೈ ಪಳಗಿದ್ದು. ಆದರೆ ತೆಳ್ಳನೆ ಜೇಬಿನ ಚಾಕುವನ್ನು ಕರೆಂಟ್ ಮೋಟಾರಿನ ಸಾಣೆಗೆ ಜಾಸ್ತಿ ಹೊತ್ತು ಹಿಡಿದರೆ ಅಂಚು ಕಾಯುತ್ತದೆ. ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಆ ಜಾಗದ ಹದ ಹೋಯಿತು ಅಂತ ತಿಳಿಯಿರಿ. ಆಮೇಲೆ ಎಷ್ಟು ಮಸೆದರೂ ಎರಡು ದಿನ ನಿಲ್ಲುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಬರೀ ರಟ್ಟಿನ ಡಬ್ಬ ಸೀಳುವುದೇ ಇದ್ದರೆ ನಿಮಗೆ ಜೇಬಿನ ಚಾಕು ಬೇಡವೇ ಬೇಡ. ತುದಿ ಮುರಿದುಕೊಳ್ಳುವ ಬ್ಲೇಡಿನ ಕಟರ್ ತಗೊಳ್ಳಿ. 1956ರಲ್ಲಿ ಜಪಾನಿನಲ್ಲಿ ಅದನ್ನು ಕಂಡುಹಿಡಿದರು. ಚಾಕೊಲೇಟ್ ಬಿಲ್ಲೆ ಗೆರೆಯ ಮೇಲೆ ಮುರಿಯುವುದನ್ನು ನೋಡಿ ಹೊಳೆದ ಯೋಚನೆ ಅದು. ಮೊಂಡಾದರೆ ಒಂದು ತುಂಡು ಮುರಿದರೆ ಮತ್ತೆ ಹೊಸ ಬಾಯಿ. 9 ಮಿಲಿಮೀಟರ್ ಅಗಲದ ತೆಳ್ಳಗಿನದು ಬೇಡ, ಅದರ ಹಿಡಿ ತೀರಾ ಕಡ್ಡಿಯ ಹಾಗಿರುತ್ತದೆ. 18 ಮಿಲಿಮೀಟರಿನದು ಕೈಗೆ ತುಂಬುತ್ತದೆ.

ತೆರೆಯುವಾಗ ನೋವು

ಅಕ್ಕನ ಹೆಬ್ಬೆರಳಿನ ದೋಷ ಸಿಕ್ಕಿದ್ದು ಇಲ್ಲಿ. ಅವರು ದಿನಕ್ಕೆ ಎಷ್ಟು ಸಲ ಚಾಕು ತೆರೆಯುತ್ತಾರೆ ಅಂತ ಯಾರೂ ಯೋಚಿಸಿರಲಿಲ್ಲ. ಒಂದು ದಿನ ಪೂರ್ತಿ, ಬಟ್ಟೆಗೆ ಗುರುತು ಹಾಕುವ ಚಾಕ್‌ನಲ್ಲಿ ಗೋಡೆ ಮೇಲೆ ಗೆರೆ ಎಳೆಯುತ್ತಾ ಎಣಿಸಿದೆವು. ನೂರು ದಾಟಿತು. ಪ್ರತಿ ಸಲವೂ ಅಲಗಿನ ಮೇಲಿನ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ, ಸ್ಪ್ರಿಂಗ್ ಎದುರು ಎಳೆಯಬೇಕು. ಜೊತೆಗೆ ಕೀಲಿನೊಳಗೆ ಟೇಪಿನ ಅಂಟು, ಬಟ್ಟೆಯ ಜುಂಗು, ಧೂಳು ಸೇರಿ ಗಟ್ಟಿಯಾಗಿ ಕೂತಿತ್ತು.

ಪರೀಕ್ಷೆ ಸುಲಭ. ಹೊಸದಾಗಿದ್ದಾಗ ಚಾಕು ಹೇಗೆ ತೆರೆಯುತ್ತಿತ್ತು ನೆನಪಿಸಿಕೊಳ್ಳಿ. ಅಥವಾ ಅದೇ ತರಹದ ಇನ್ನೊಬ್ಬರ ಚಾಕು ತೆರೆದು ನೋಡಿ. ನಿಮ್ಮದು ಬಿಗಿ ಅನಿಸಿದರೆ ಬೆಚ್ಚಗಿನ ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೀಲನ್ನು ತಿಕ್ಕಿ, ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸಿ. ಆಮೇಲೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ಹತ್ತು ಸಲ ತೆರೆದು ಮುಚ್ಚಿ, ಹೊರಬಂದ ಎಣ್ಣೆ ಒರೆಸಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಬೇಡಿ. ಎರಡು ವಾರದಲ್ಲಿ ಅದು ಬೆಲ್ಲದ ಪಾಕದ ಹಾಗೆ ಅಂಟುಕಟ್ಟಿ ಇನ್ನಷ್ಟು ಧೂಳು ಹಿಡಿಯುತ್ತದೆ. ಕೀಲಿನಲ್ಲಿ ಸ್ಕ್ರೂ ಇದ್ದರೆ ಕಾಲು ಸುತ್ತು ಸಡಿಲಿಸಿ ನೋಡಿ. ಅಲಗು ಪಕ್ಕಕ್ಕೆ ಅಲ್ಲಾಡಿದರೆ ಜಾಸ್ತಿಯಾಯಿತು, ಹಿಂದಕ್ಕೆ ತಿರುಗಿಸಿ. ಕೆಲವು ಚಾಕುಗಳಲ್ಲಿ ಸ್ಕ್ರೂ ಇಲ್ಲ, ರಿವಿಟ್ ಇರುತ್ತದೆ. ಅದನ್ನು ಸುತ್ತಿಗೆಯಿಂದ ಬಡಿದು ಸಡಿಲ ಮಾಡಲು ಹೋಗಬೇಡಿ.

ತೊಳೆದು ಎಣ್ಣೆ ಹಾಕಿದ ಮೇಲೂ ಹೆಬ್ಬೆರಳು ನೋಯುತ್ತಿದ್ದರೆ ತೆರೆಯುವ ಬಗೆಯೇ ನಿಮಗೆ ಆಗಿಬರುವುದಿಲ್ಲ ಅಂತ ಅರ್ಥ. ಉಗುರು ಸಿಕ್ಕಿಸುವ ಚಾಕು ದಿನಕ್ಕೆ ನಾಲ್ಕೈದು ಸಲ ತೆರೆಯುವವರಿಗೆ ಸರಿ. ನೂರು ಸಲ ತೆರೆಯುವವರಿಗೆ ಅಲಗಿನಲ್ಲಿ ಹೆಬ್ಬೆರಳು ಹೋಗುವಷ್ಟು ತೂತೋ, ತಳ್ಳಲು ಒಂದು ಗುಬ್ಬಿಯೋ ಇರಬೇಕು. ಎಡಗೈಯವರು ಇನ್ನೂ ಹುಷಾರಾಗಿ ನೋಡಬೇಕು. ಹಿಡಿಯ ಒಳಗಿನ ತಗಡನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ತಳ್ಳಿ ಬಿಡಿಸುವ ಲಾಕ್ ಬಹುತೇಕ ಬಲಗೈಗೆ ಅಂತಲೇ ಮಾಡಿದ್ದು. ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸುವ ಲಾಕ್ ಎರಡೂ ಕೈಗೆ ಒಂದೇ. ನಮ್ಮಲ್ಲಿ ಒಬ್ಬ ಹುಡುಗ ಎಡಗೈಯವನು. ಎರಡು ವರ್ಷ ಬಲಗೈ ಚಾಕುವಿನಲ್ಲೇ ಒದ್ದಾಡಿದ್ದಾನೆ, ಪಾಪ, ಬಾಯಿ ಬಿಟ್ಟು ಹೇಳಿರಲಿಲ್ಲ.

ಒಂದೇ ಮೇಜಿನ ಮುಂದೆ ನಿಂತು ದಿನವಿಡೀ ಕತ್ತರಿಸುವವರಿಗೆ ನನ್ನ ಸಲಹೆ ಬೇರೆ. ಮಡಚುವ ಚಾಕುವನ್ನೇ ಬಿಡಿ. ಗಟ್ಟಿ ಹಿಡಿಯ ಸಣ್ಣ ಚಾಕು ತಗೊಂಡು ಮೇಜಿನ ಪಕ್ಕಕ್ಕೆ ಒಂದು ಒರೆ ಮೊಳೆ ಹೊಡೆದು ಇಡಿ. ತೆರೆಯುವ ಕೆಲಸವೇ ಇಲ್ಲ.

ಹಿಡಿ

ಹೆಬ್ಬೆರಳಿನ ಕಾರಣ ಸಿಕ್ಕಿತು. ಅಂಗೈಯ ಚುಕ್ಕೆ ಉಳಿದಿತ್ತು. ಅದು ನಾನು ತಂದ ದೊಡ್ಡ ಚಾಕುವಿನ ಕಾಣಿಕೆ.

ನೋಡಿದರೆ ಕ್ಲಿಪ್ಪು. ಜೇಬಿನ ಅಂಚಿಗೆ ಸಿಕ್ಕಿಸಲು ಹಿಡಿಯ ಒಂದು ಪಕ್ಕಕ್ಕೆ ಉಕ್ಕಿನ ಪಟ್ಟಿ ಇರುತ್ತದಲ್ವಾ, ಅದು ಸರಿಯಾಗಿ ಅಂಗೈ ನಡುವೆ ಕೂರುತ್ತಿತ್ತು. ಚಾಕು ಒತ್ತಿದಾಗಲೆಲ್ಲ ಪೂರ್ತಿ ಭಾರ ಆ ಬೆರಳಗಲದ ಪಟ್ಟಿಯ ಮೇಲೆ. ಚಿಕ್ಕ ಸ್ಕ್ರೂ ಬಿಚ್ಚಿ ಕ್ಲಿಪ್ ತೆಗೆದೆವು. ನಾಲ್ಕು ದಿನದಲ್ಲಿ ಚುಕ್ಕೆ ಮಾಯವಾಯಿತು. ನಿಮ್ಮ ಚಾಕುವಿಗೂ ಕ್ಲಿಪ್ ಇದ್ದರೆ ಬೇರೆ ಏನೂ ಮಾಡುವ ಮೊದಲು ಒಂದು ವಾರ ಅದನ್ನು ಬಿಚ್ಚಿಟ್ಟು ನೋಡಿ.

ಕ್ಲಿಪ್ ಇಲ್ಲದೆಯೂ ಚುಕ್ಕೆ ನೋವಿದ್ದರೆ ಉದ್ದ ನೋಡಿ. ಕೈಯ ಕೆಲಸದ ಸಲಕರಣೆಗಳ ಹಿಡಿ ಕನಿಷ್ಠ 10 ಸೆಂಟಿಮೀಟರ್ ಇರಬೇಕು, ಗ್ಲೌಸ್ ಹಾಕಿಕೊಳ್ಳುವವರಿಗೆ 12 ಇದ್ದರೆ ಒಳ್ಳೆಯದು ಅನ್ನುವುದು ಈ ವಿಷಯ ತಿಳಿದವರು ಪಾಲಿಸುವ ಅಳತೆ. ಹಿಡಿಯ ತುದಿ ಅಂಗೈ ದಾಟಿ ಹೊರಗೆ ಬಂದಿರಬೇಕು. ಒಳಗೇ ನಿಂತರೆ ಆ ತುದಿ ಅಂಗೈಯನ್ನು ಕುಕ್ಕುತ್ತದೆ. ಹೆಸರುವಾಸಿ ಚಾಕುಗಳಲ್ಲೂ ಇದನ್ನು ನೋಡಬೇಕು. ಕೆಂಪು ಹಿಡಿಯ ಸ್ವಿಸ್ ಚಾಕು ಅಂದರೆ ಎಲ್ಲರಿಗೂ ಗೊತ್ತು. 1884ರಲ್ಲಿ ಶುರುವಾದ ವಿಕ್ಟೋರಿನಾಕ್ಸ್ ಕಂಪನಿಯದು. ಅದರಲ್ಲಿ ಕೀಲಿ ಗೊಂಚಲಿಗೆ ಹಾಕುವ 58 ಮಿಲಿಮೀಟರಿನದು ಇದೆ, ಸಾಮಾನ್ಯವಾಗಿ ಕಾಣುವ 91ರದು ಇದೆ, ದೊಡ್ಡ 111ರದು ಇದೆ. 58ರದು ದಾರ, ಲಕೋಟೆಗೆ ಸಾಕು. 91ರದು ಸಣ್ಣ ಕೈಯವರಿಗೆ ಹಿಡಿಸುತ್ತದೆ. ಅಗಲ ಅಂಗೈಯವರು ಅದರಲ್ಲಿ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುತ್ತಾ ಹೋದರೆ ತುದಿ ಅಂಗೈಗೆ ಒತ್ತುತ್ತದೆ. ಅಂಥವರಿಗೆ 111ರದೇ ಸರಿ.

ದಪ್ಪದ ವಿಷಯ ಸ್ವಲ್ಪ ಕಷ್ಟ. ಬಲ ಹಾಕಿ ಹಿಡಿಯುವ ಸಲಕರಣೆಯ ಹಿಡಿ 30ರಿಂದ 50 ಮಿಲಿಮೀಟರ್ ದಪ್ಪ ಇದ್ದರೆ ಕೈಗೆ ಸುಖ. ಸುತ್ತಿಗೆ, ಕುಡುಗೋಲು ನೋಡಿ, ಸುಮಾರು ಹಾಗೇ ಇರುತ್ತವೆ. ಮಡಚುವ ಚಾಕುಗಳ ಹಿಡಿ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ಮಾತ್ರ. ಜೇಬಿನಲ್ಲಿ ಹಿಡಿಸಬೇಕಲ್ಲ. ಅಷ್ಟು ತೆಳ್ಳಗಿದ್ದರೆ ಬೆರಳುಗಳು ಪೂರ್ತಿ ಮಡಚಿ ಉಗುರು ಅಂಗೈಗೆ ತಾಗುತ್ತದೆ, ಬಲ ನಿಲ್ಲುವುದಿಲ್ಲ. ಆದ್ದರಿಂದ ಬಲ ಬೇಕಾದ ಕೆಲಸಕ್ಕೆ ಜೇಬಿನ ಚಾಕು ಸರಿಯಾದ ಸಲಕರಣೆಯೇ ಅಲ್ಲ. ಕುಷ್ಟಗಿ ಕಡೆ ದಾಳಿಂಬೆ ತೋಟದಲ್ಲಿ 16 ಮಿಲಿಮೀಟರ್ ಡ್ರಿಪ್ ಪೈಪನ್ನು ಚಾಕುವಿನಲ್ಲಿ ತಿರುಚಿ ತಿರುಚಿ ಕತ್ತರಿಸುವುದನ್ನು ನೋಡಿದ್ದೇನೆ. ಪೈಪ್ ಕತ್ತರಿ ಒಂದು ಸಲ ಒತ್ತಿದರೆ ಮುಗಿಯುತ್ತದೆ. ರಾಯಚೂರಿನ ಹತ್ತಿ ಬೇಲ್‌ಗೆ (ಒತ್ತಿ ಕಟ್ಟಿದ ಮೂಟೆಗೆ) ಕಬ್ಬಿಣದ ಪಟ್ಟಿ ಇದ್ದರೆ ಅದಕ್ಕೂ ಅದರದೇ ಕಟರ್ ಇದೆ.

ಚಾಕುವಿನಲ್ಲೇ ಮಾಡಬೇಕಾದ ಕೆಲಸಕ್ಕೆ ಇರುವುದರಲ್ಲಿ ದಪ್ಪದ್ದು, ಉರುಟಾದದ್ದು, ಅಂಚು ನಯ ಇರುವುದು ಹುಡುಕಿ. ಬೆರಳಿಗೆ ಅಂತ ತಗ್ಗು ಮಾಡಿದ ಹಿಡಿ ನೋಡಲು ಚೆಂದ. ನನಗೆ ಅದು ಸೇರುವುದಿಲ್ಲ. ಆ ತಗ್ಗು ಯಾರೋ ಒಬ್ಬರ ಬೆರಳಿನ ಅಳತೆ. ನಿಮ್ಮ ಬೆರಳು ಅದಕ್ಕಿಂತ ದಪ್ಪವೋ ಸಣ್ಣವೋ ಇದ್ದರೆ ದಿಬ್ಬಗಳು ಬೆರಳಿನ ಮೂಳೆಗೆ ಒತ್ತುತ್ತವೆ. ಜೊತೆಗೆ ಹಿಡಿತ ಬದಲಿಸಲು ಬಿಡುವುದಿಲ್ಲ. ಕೈಗೆ ದಣಿವಾಗದಿರಲು ಹಿಡಿತ ಆಗಾಗ ಬದಲಿಸುತ್ತಿರಬೇಕು.

ಕೊನೆಗೆ ಜಾರುವಿಕೆ. ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಕೈ ಸದಾ ಬೆವರು. ನುಣುಪಾದ ಸ್ಟೀಲ್ ಹಿಡಿ ಬೆವರಿಗೆ ಜಾರುತ್ತದೆ, ಜಾರದಿರಲಿ ಅಂತ ನಮಗೆ ಗೊತ್ತಿಲ್ಲದೆಯೇ ಬಿಗಿಹಿಡಿಯುತ್ತೇವೆ. ಚಳಿಗಾಲದಲ್ಲಿ ಇಲ್ಲದ ನೋವು ಮಾರ್ಚ್ ನಂತರ ಶುರುವಾದರೆ ಇದೇ ಕಾರಣ ಇರಬಹುದು. ಹಳೆಯ ಸೈಕಲ್ ಟ್ಯೂಬಿನಿಂದ ಎರಡು ಚೂರು ಕತ್ತರಿಸಿ ಹಿಡಿಯ ಎರಡು ಪಕ್ಕಕ್ಕೆ ಅಂಟಿಸಿ. ಜಾರುವುದೂ ನಿಲ್ಲುತ್ತದೆ, ದಪ್ಪವೂ ಸ್ವಲ್ಪ ಸಿಗುತ್ತದೆ. ಟ್ಯೂಬನ್ನು ಸುತ್ತಲೂ ಏರಿಸಬೇಡಿ. ಅಲಗು ಒಳಗೆ ಹೋಗುವ ಸೀಳು ಮುಚ್ಚಿಕೊಂಡು ಚಾಕು ಮಡಚಲು ಬರುವುದಿಲ್ಲ, ಲಾಕ್‌ಗೂ ಅಡ್ಡ ಬರುತ್ತದೆ.

ಕೈ ಬಾಗುತ್ತಿದೆಯಾ, ಕೆಲಸವೇ ಜಾಸ್ತಿಯಾ

ಮಣಿಕಟ್ಟು ನೇರ ಇದ್ದಾಗ ಹಿಡಿತಕ್ಕೆ ಬಲ ಜಾಸ್ತಿ. ಬಾಗಿದಾಗ ಕಡಿಮೆ. ನಂಬಿಕೆ ಬರದಿದ್ದರೆ ಮಣಿಕಟ್ಟನ್ನು ಒಳಗೆ ಪೂರ್ತಿ ಬಾಗಿಸಿ ಮುಷ್ಟಿ ಕಟ್ಟಲು ನೋಡಿ. ಪಕ್ಕದವರು ನಿಂತು ನೀವು ಕತ್ತರಿಸುವುದನ್ನು ಒಂದು ನಿಮಿಷ ವಿಡಿಯೋ ಮಾಡಲಿ. ಕೈ ಬಾಗುತ್ತಿದ್ದರೆ ಚಾಕುವಿಗಿಂತ ಮೊದಲು ಮೇಜು ನೋಡಿ. ಕತ್ತರಿಸುವ ಜಾಗ ಮೊಣಕೈಗಿಂತ ನಾಲ್ಕು ಬೆರಳು ಕೆಳಗಿದ್ದರೆ ಸರಿ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಡಬ್ಬ ಬಿಚ್ಚುವವರಿಗೆ ಯಾವ ಚಾಕುವೂ ಪೂರ್ತಿ ಹಿತ ಕೊಡುವುದಿಲ್ಲ. ಎರಡು ಖಾಲಿ ಡಬ್ಬದ ಮೇಲೆ ಹಲಗೆ ಇಟ್ಟರೂ ಬದಲಾವಣೆ ಗೊತ್ತಾಗುತ್ತದೆ. ಒತ್ತಿ ಕತ್ತರಿಸುವುದಕ್ಕಿಂತ ಎಳೆದು ಸೀಳುವುದು ಹಗುರ. ಎಳೆಯುವಾಗ ತೋಳು ಹಿಂದಕ್ಕೆ ಬರಲಿ, ಮಣಿಕಟ್ಟು ತಿರುಗುವುದು ಬೇಡ. ಅಲಗಿನ ದಾರಿಯಲ್ಲಿ ಇನ್ನೊಂದು ಕೈಯಾಗಲಿ ತೊಡೆಯಾಗಲಿ ಇರಬಾರದು.

ಕೆಲವು ಕಡೆ ಕತ್ತರಿಸುವ ಅಗತ್ಯವೇ ಇರುವುದಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ಸೋದರಮಾವ ಇದನ್ನು ತೋರಿಸಿದರು. ಚೀಲದ ಬಾಯಿಗೆ ಮಷಿನ್ ಹಾಕಿದ ಸರಪಳಿ ಹೊಲಿಗೆ ಒಂದು ತುದಿಯಿಂದ ಎಳೆದರೆ ಇನ್ನೂ ಬಿಗಿಯುತ್ತದೆ. ಇನ್ನೊಂದು ತುದಿಯಿಂದ ಎಳೆದರೆ ಸರಸರ ಅಂತ ಪೂರ್ತಿ ಬಿಚ್ಚಿಕೊಳ್ಳುತ್ತದೆ. "ಮೊದಲನೇ ಚೀಲಕ್ಕೆ ಎರಡೂ ಕಡೆ ನೋಡು. ಒಂದೇ ಗಿರಣಿ ಚೀಲ ಆದ್ರ ಎಲ್ಲಾ ಒಂದೇ ನಮೂನಿ ಬಿಚ್ಚತಾವು" ಅಂದರು. ತುದಿಯ ದಾರ ಒಂದು ಸಲ ಕತ್ತರಿಸಿದರೆ ಸಾಕು. ಅದುವರೆಗೆ ನಾವು ಚೀಲದ ಬಾಯಿಯುದ್ದಕ್ಕೂ ಚಾಕು ಎಳೆಯುತ್ತಿದ್ದೆವು, ಚೀಲವೂ ಹಾಳು.

ಇಷ್ಟಾದ ಮೇಲೂ ಕೊಳ್ಳುವುದಿದ್ದರೆ

ಈಗ ನಿಮಗೆ ಏನು ಬೇಕು ಅಂತ ಗೊತ್ತಿರುತ್ತದೆ. ಅಂಗಡಿಗೆ ಹೋಗುವಾಗ ನೀವು ದಿನಾ ಕತ್ತರಿಸುವ ವಸ್ತುವಿನ ಒಂದು ಚೂರು ಜೊತೆಗೆ ಒಯ್ಯಿರಿ. ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಿ. ಇಪ್ಪತ್ತು ಸಲ ತೆರೆದು ಮುಚ್ಚಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಕೆಲಸಕ್ಕೆ ಅಂತ ಹೇಳಿ, ಅರ್ಥ ಮಾಡಿಕೊಳ್ಳುತ್ತಾರೆ. ಬೇರೆಯವರಿಗಾಗಿ ನೀವು ಕೊಳ್ಳುತ್ತಿದ್ದರೆ ಅವರನ್ನೇ ಕರೆದುಕೊಂಡು ಹೋಗಿ. ನಾನು ಮೊದಲ ಸಲ ಮಾಡದೆ ಬಿಟ್ಟದ್ದು ಅದನ್ನೇ.

ಅಲಗು 7-8 ಸೆಂಟಿಮೀಟರ್ ಉದ್ದ ಸಾಕು. ಬೆನ್ನು ದಪ್ಪ ಇದ್ದರೆ ಗಟ್ಟಿ ಅಂತ ನಾನೂ ತಿಳಿದಿದ್ದೆ. ನಾಲ್ಕು ಮಿಲಿಮೀಟರ್ ದಪ್ಪದ ಅಲಗು ರಟ್ಟಿನೊಳಗೆ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ, ಎಳೆಯಲು ದುಪ್ಪಟ್ಟು ಕಷ್ಟ. ಎರಡು, ಎರಡೂವರೆ ಮಿಲಿಮೀಟರಿನದು ಹಗುರವಾಗಿ ಜಾರುತ್ತದೆ. ಪ್ಲಾಸ್ಟಿಕ್ ಪಟ್ಟಿ, ಹಗ್ಗವೇ ಜಾಸ್ತಿ ಇದ್ದರೆ ಗರಗಸದ ಹಲ್ಲಿನ ಅಲಗು ಚೆನ್ನಾಗಿ ಕಚ್ಚುತ್ತದೆ, ಆದರೆ ಅದನ್ನು ಮನೆಯಲ್ಲಿ ಮಸೆಯುವುದು ಕಷ್ಟ. ಸಂಪೂರ್ಣ ನೇರ ಬಾಯಿಯ ಅಲಗು ಮಸೆಯಲು ಎಲ್ಲಕ್ಕಿಂತ ಸುಲಭ. ಬಲ ಹಾಕುವಾಗ ಮಡಚಿಕೊಳ್ಳದಿರಲು ಲಾಕ್ ಇರಲೇಬೇಕು.

ಮರದ ಹಿಡಿ ನನಗೆ ಇಷ್ಟ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಇದೆ. ಅದರ 8ನೇ ನಂಬರಿನ ಉರುಟು ಹಿಡಿ 11 ಸೆಂಟಿಮೀಟರ್, ಅಲಗು ಎಂಟೂವರೆ, ತೂಕ 50 ಗ್ರಾಮಿಗಿಂತ ಕಡಿಮೆ. ಹಿಡಿತಕ್ಕೆ ಅದರಷ್ಟು ಹಿತವಾದ ಮಡಚುವ ಚಾಕು ನಾನು ಹಿಡಿದಿಲ್ಲ. ಆದರೆ ತೆರೆಯಲು ಎರಡು ಕೈ ಬೇಕು, ಉಂಗುರ ತಿರುಗಿಸಿ ಲಾಕ್ ಮಾಡಬೇಕು, ಮಳೆಗಾಲದಲ್ಲಿ ಮರ ಉಬ್ಬಿ ಬಿಗಿಯಾಗುತ್ತದೆ. ತೋಟದಲ್ಲಿ ಒಮ್ಮೆ ತೆರೆದು ಅರ್ಧ ಗಂಟೆ ಬಳಸುವವರಿಗೆ ಒಳ್ಳೆಯದು. ನಮ್ಮ ಅಕ್ಕನಂಥವರಿಗೆ ಆಗುವುದಿಲ್ಲ. ಅವರಿಗೆ ಕೊನೆಗೆ ಉಳಿದದ್ದು ಡಬ್ಬಕ್ಕೆ 18ರ ಕಟರ್, ಮೇಜಿನ ಒರೆಯಲ್ಲಿ ಒಂದು ಗಟ್ಟಿ ಹಿಡಿಯ ಚಾಕು. ನಾನು ತಂದ ದಪ್ಪ ಚಾಕು ಈಗ ಸ್ಟೋರಿನ ಡ್ರಾಯರ್‌ನಲ್ಲಿದೆ.

ಜೋಮು, ರಾತ್ರಿ ನೋವು, ಬೆರಳು ಸಿಕ್ಕಿಕೊಳ್ಳುವುದು

ಇವು ಚಾಕು ಬದಲಿಸಿ ಕಾಯುವ ದೋಷಗಳಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು ಹಿಡಿದು ರಾತ್ರಿ ಎಚ್ಚರವಾಗಿ ಕೈ ಕೊಡವುವ ಹಾಗಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಇರುವವರಿಗೆ, ಬಸುರಿಯರಿಗೆ ಇದು ಬರುವ ಸಂಭವ ಜಾಸ್ತಿ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಜೋಮಾದರೆ ಅದು ಬೇರೆ ನರ. ಅಂಗೈಯ ಕಿರುಬೆರಳಿನ ಕಡೆಯ ಬುಡದ ಮೇಲೆ ಹಿಡಿ ಒತ್ತುತ್ತಿದ್ದರೂ ಹಾಗಾಗುತ್ತದೆ. ಬೆಳಿಗ್ಗೆ ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು ಟಕ್ ಅಂತ ಬಿಡಿಸಿಕೊಂಡರೆ ಅದೂ ತೋರಿಸಬೇಕಾದ ವಿಷಯ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿ ಕೈಯನ್ನು ಕಿರುಬೆರಳಿನ ಕಡೆಗೆ ಮೆಲ್ಲಗೆ ಬಾಗಿಸಿ. ಹೆಬ್ಬೆರಳಿನ ಬುಡದಲ್ಲಿ ಚಳಕ್ ಅಂತ ನೋವು ಹೊಡೆದರೆ ಅಲ್ಲಿನ ಸ್ನಾಯುರಜ್ಜು ಬಾತಿರಬಹುದು. ಅಕ್ಕನಿಗೆ ಹೀಗೇ ಆಗಿತ್ತು. ಡಾಕ್ಟರ್ ಹೆಬ್ಬೆರಳಿಗೆ ಪಟ್ಟಿ ಕಟ್ಟಿ ಮೂರು ವಾರ ಚಾಕು ಮುಟ್ಟಬೇಡಿ ಅಂದರು. ಆ ಮೂರು ವಾರ ಅವರಿಗೆ ಎಣಿಸುವ ಕೆಲಸ ಕೊಟ್ಟೆವು.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಮೂಳೆ ವಿಭಾಗದಲ್ಲಿ ತೋರಿಸಿ. ಇಎಸ್‌ಐ ಕಾರ್ಡ್ ಇದ್ದವರು ಅದನ್ನೂ ತಗೊಂಡು ಹೋಗಿ. ಚಾಕುವನ್ನು ಒಯ್ಯಬೇಡಿ, ಬಾಗಿಲಲ್ಲೇ ತೊಂದರೆಯಾದೀತು. ಚಾಕು ಹಿಡಿದ ಕೈಯ ಫೋಟೋ, ಕತ್ತರಿಸುವ ಆ ಒಂದು ನಿಮಿಷದ ವಿಡಿಯೋ, ನೋವಿನ ಜಾಗಕ್ಕೆ ಪೆನ್ನಿನ ಗುರುತು ಹಾಕಿದ ಮೂರು ದಿನದ ಫೋಟೋ, ಇಷ್ಟು ಮೊಬೈಲಲ್ಲಿ ಇರಲಿ.